ಕೀಲಿನ ಪಿನ್ನು, ಮುದ್ರೆ ನಲವತ್ತೇಳು

ಶಿಕಾರಿಪುರ
10-6-2024

ಗುರುಪ್ರಕಾಶ,

ಹೋದ ವರ್ಷ ನಿನ್ನ ಅಕ್ಕನ ವರ್ಷದ ಕಾರ್ಯಕ್ಕೆ ಬಂದು ಹೋದವನು ಮತ್ತೆ ಮುಖ ತೋರಿಸಿಲ್ಲ. ಸೊರಬದಿಂದ ಶಿಕಾರಿಪುರಕ್ಕೆ ಬಸ್ಸು ನಿಲ್ಲಿಸಿದರೇನೋ ಅಂದುಕೊಂಡೆ. ಫೋನ್ ಮಾಡಬೇಡ. ನಲವತ್ತೆಂಟು ವರ್ಷ ಲೇತ್ ಮೆಷಿನ್ನಿನ ಪಕ್ಕ ನಿಂತು ನನ್ನ ಕಿವಿ ಪೂರಾ ಹೋಗಿದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತೇನೆ. ಫೋನಿಗೆ ತುಟಿ ಎಲ್ಲಿದೆ? ಅದಕ್ಕೇ ಕಾಗದ. ಐದನೇ ಕ್ಲಾಸಿಗೆ ಸ್ಲೇಟು ಬಿಸಾಕಿದವನ ಅಕ್ಷರ, ಹೇಗಿದೆಯೋ ಹಾಗೆ ಓದಿಕೋ.

ಮೂವತ್ತು ವರ್ಷ ವಿಮಾನ ರಿಪೇರಿ ಶಾಪಿನಲ್ಲಿ ಇನ್‌ಸ್ಪೆಕ್ಟರಾಗಿದ್ದೆ ನೀನು. ಮನೆಗೆ ಬಂದಾಗೆಲ್ಲ "ಭಾವ, ನಾನು ಸಹಿ ಹಾಕದೆ ವಿಮಾನ ನೆಲ ಬಿಡಲ್ಲ" ಅನ್ನುತ್ತಿದ್ದೆ. ನಿನ್ನ ಅಕ್ಕ ಅದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು. ಈಗ ನನ್ನ ಮಾತು ಕೇಳು. ನನ್ನ ಕೈಯ ಮಾಲೂ ಆಕಾಶಕ್ಕೆ ಹೋಗಿದೆ.

ಏಪ್ರಿಲಿನಲ್ಲಿ ಪ್ರದೀಪ್ ಅನ್ನುವವನು ಕಾರಿನಲ್ಲಿ ಬಂದ. ಜೇಬಿನಿಂದ ಬಟ್ಟೆ ಸುತ್ತಿದ ಪಿನ್ನೊಂದು ತೆಗೆದ. ನಡುಬೆರಳಷ್ಟು ಉದ್ದ, ಪೆನ್ಸಿಲಿನಷ್ಟು ದಪ್ಪ.

"ಯಜಮಾನ್ರೇ, ಸ್ಯಾಂಪಲ್ ಕೊಟ್ರೆ ಇದ್ದಂಗೇ ಮಾಡಿಕೊಡ್ತೀರಂತೆ?"

"ಕೂದಲೆಳೆ ಫರಕು ಬಂದ್ರೆ ನನ್ನ ಮುಂದೇ ಎಸೆದು ಹೋಗು."

ಹುಡುಗರು ಹಾರಾಟ ಕಲಿಯುವ ಎರಡು ಸೀಟಿನ ವಿಮಾನದ್ದಂತೆ. ಬಾಲದ ರೆಕ್ಕೆ ಮೇಲೆ ಕೆಳಗೆ ಆಡುವ ಕೀಲಿಗೆ ಹಾಕುವುದಂತೆ. ಕಂಪನಿಯಲ್ಲಿ ಮಾಲಿಲ್ಲ, ಅರ್ಜೆಂಟ್ ಅಂದ. ಟ್ರ್ಯಾಕ್ಟರಿನ ಹಳೇ ಶಾಫ್ಟಿನ ಉಕ್ಕು ತೆಗೆದುಕೊಂಡೆ, ಈಗಿನ ರಾಡಿಗಿಂತ ಗಟ್ಟಿ. ಬೆಂಕಿಗೆ ಕೊಟ್ಟು ಎಣ್ಣೆಯಲ್ಲಿ ಅದ್ದಿ ಹದ ಮಾಡಿದೆ. ಪಿನ್ನಿನ ತಲೆಯ ಮೇಲೆ ಒಂದು ನಂಬರು, ಅದರ ಪಕ್ಕ ಗುಂಡನೆ ಮುದ್ರೆ, ಮುದ್ರೆಯೊಳಗೆ 47. ಬೇರೆಯವನಾಗಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದ. ನಾನು ಸಣ್ಣ ಅರ ಹಿಡಿದು ಮೂರು ದಿನ ಕೂತು ಆ ಮುದ್ರೆ ಒತ್ತುವುದಕ್ಕೂ ಒಂದು ಉಕ್ಕಿನ ಪಂಚು ಕೆತ್ತಿದೆ. ಅಸಲಿ ಯಾವುದು ನನ್ನದು ಯಾವುದು ಅಂತ ಪ್ರದೀಪನಿಗೇ ಗೊತ್ತಾಗಲಿಲ್ಲ.

ಇನ್ನೂರು ಪಿನ್ನು ಕೊಟ್ಟಾಯಿತು. ಇನ್ನೂ ಮುನ್ನೂರು ಬೇಕಂತೆ. ನಿನ್ನ ಅಕ್ಕ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ. ಇಲ್ಲವಲ್ಲ, ನಿನಗೆ ಹೇಳಿದೆ.

ಹುಚ್ಚರಾಯಪ್ಪ


ಸೊರಬ
15-6-2024

ಪೂಜ್ಯ ಭಾವನವರಿಗೆ ಶರಣು.

ನಿಮ್ಮ ಪತ್ರ ನಿನ್ನೆ ಬಂತು. ನಿಮ್ಮ ಅಕ್ಷರ ನೋಡಿ ಸಂತೋಷವಾಯಿತು. ಓದಿ ಮುಗಿಸಿದ ಮೇಲೆ ಸಂತೋಷ ಉಳಿಯಲಿಲ್ಲ.

ದಯವಿಟ್ಟು ಉಳಿದ ಮುನ್ನೂರು ಪಿನ್ನು ಮಾಡಬೇಡಿ. ನೀವು ಬಳಸಿದ ಉಕ್ಕಿಗೆ ಏನಾದರೂ ಬಿಲ್ಲಿದೆಯೇ? ಮಾದರಿಯ ಜೊತೆ ನಕ್ಷೆಯಾಗಲಿ ಸರ್ಟಿಫಿಕೇಟಾಗಲಿ ಇತ್ತೇ? ಸಿದ್ಧವಾದ ಪಿನ್ನುಗಳನ್ನು ಎಲ್ಲಿಗೆ ಒಯ್ದರು? ಒಂದಾದರೂ ನಿಮ್ಮಲ್ಲಿ ಉಳಿದಿದ್ದರೆ ಅದರ ತಲೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಳಿಸಿ. ತಡ ಮಾಡಬೇಡಿ.

ನಾನು ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲೇ ಇದ್ದೇನೆ. ಕೂತಲ್ಲಿಂದಲೇ ಯಾವ ಊರಿನ ಬಸ್ಸು ಬಂತೆಂದು ಸದ್ದಿನಲ್ಲಿ ಹೇಳಬಲ್ಲೆ. ಕೇಳುವವರು ಯಾರೂ ಇಲ್ಲ.

ನಿಮ್ಮ
ಗುರುಪ್ರಕಾಶ್


ಶಿಕಾರಿಪುರ
19-6-2024

ಗುರುಪ್ರಕಾಶ,

ನಿನಗೆ ಹೊಟ್ಟೆಕಿಚ್ಚು. ನೀನು ಜೀವಮಾನವೆಲ್ಲ ಬೇರೆಯವರು ಮಾಡಿದ್ದನ್ನು ಅಳೆದೆ. ನಾನು ಮಾಡಿದೆ. ಅದು ನಿನಗೆ ಚುಚ್ಚುತ್ತಿದೆ.

ಬಿಲ್ಲಂತೆ, ನಕ್ಷೆಯಂತೆ! ಈಸೂರಿನಿಂದ, ಉಡುತಡಿಯಿಂದ ಜನ ಭತ್ತದ ಮಿಷನ್ನಿನ ಮುರಿದ ತುಂಡು ಹಿಡಿದು ನನ್ನ ಶೆಡ್ಡಿಗೆ ಬರುತ್ತಾರೆ. ಯಾರೂ ನಕ್ಷೆ ತಂದಿಲ್ಲ. ನನ್ನ ಕೈ ಮುಟ್ಟಿದ ಕೀಲು ಯಾವ ಹೊಲದಲ್ಲಿ ಕಳಚಿ ಬಿದ್ದಿದೆ, ಒಬ್ಬನ ಹೆಸರು ಹೇಳು. ನೀನು ಕಾಗದ ನಂಬುವವನು. ನಾನು ಕೈ ನಂಬುವವನು.

ಅಚ್ಚು ಕೇಳಿದೆಯಲ್ಲ, ಇದರ ಜೊತೆ ಮಡಚಿ ಇಟ್ಟಿದ್ದೇನೆ. ನಮ್ಮ ಶೆಡ್ಡಿನ ಪದ್ಧತಿ ನಿನಗೆ ಗೊತ್ತಿದೆ. ಯಾವ ಕೆಲಸದ್ದೇ ಇರಲಿ, ಮೊದಲು ಮಾಡಿದ ನಗ ಮಾರುವುದಿಲ್ಲ, ಆಯುಧಪೂಜೆ ಆಗುವ ತನಕ ದೇವರ ಗೂಡಿನಲ್ಲಿರುತ್ತದೆ. ಅದರ ತಲೆ ಉಜ್ಜಿ ತೆಗೆದದ್ದು. ಕಣ್ಣು ತುಂಬ ನೋಡಿಕೋ.

ಇನ್ನೊಂದು. ಉಕ್ಕು ಕೇಳಿದೆ, ಬಿಲ್ಲು ಕೇಳಿದೆ, ಎಲ್ಲಿಗೆ ಒಯ್ದರು ಅಂತಲೂ ಕೇಳಿದೆ. ಪ್ರದೀಪ ಯಾರು ಅಂತ ಮಾತ್ರ ಕೇಳಲಿಲ್ಲ. ಯಾಕೆ?

ಹುಚ್ಚರಾಯಪ್ಪ


ಸೊರಬ
2-7-2024

ಪೂಜ್ಯ ಭಾವನವರಿಗೆ ಶರಣು.

ಅಚ್ಚು ತಲುಪಿತು. ಉತ್ತರ ತಡವಾಯಿತು, ಕ್ಷಮಿಸಿ.

ನಿಮ್ಮ ಕೈಯ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ಆದರೆ ವಿಮಾನದಲ್ಲಿ ಕೂರುವವನಿಗೆ ನಿಮ್ಮ ಪರಿಚಯವಿಲ್ಲ. ಅದಕ್ಕಾಗಿ ಪ್ರತಿ ಪಿನ್ನಿನ ಹಿಂದೆಯೂ ಒಂದು ಕಾಗದವಿರುತ್ತದೆ. ಉಕ್ಕು ಯಾವ ಕುಲುಮೆಯಿಂದ ಬಂತು, ಎಷ್ಟು ಕಾಯಿಸಿದರು, ಯಾರು ಅಳೆದರು, ಎಲ್ಲವೂ ಅದರಲ್ಲಿರುತ್ತದೆ. ಎಲ್ಲೋ ಒಂದು ಪಿನ್ನು ಮುರಿದರೆ ಅದರ ಜೊತೆ ಹುಟ್ಟಿದ ಪಿನ್ನುಗಳನ್ನೆಲ್ಲ ಆ ಕಾಗದ ಹಿಡಿದು ಹುಡುಕಿ ತೆಗೆಸುತ್ತಾರೆ. ನಿಮ್ಮ ಇನ್ನೂರನ್ನು ಹಾಗೆ ಹುಡುಕಲು ದಾರಿಯಿಲ್ಲ.

ಆ ಗುಂಡನೆಯ ಮುದ್ರೆ ಅಲಂಕಾರವಲ್ಲ, ಭಾವ. "ಇದನ್ನು ನಾನು ನೋಡಿದ್ದೇನೆ, ಸರಿಯಿದೆ" ಎಂದು ಒಬ್ಬ ಇನ್‌ಸ್ಪೆಕ್ಟರ್ ಹೇಳುವ ಮಾತು ಅದು. ಒಬ್ಬೊಬ್ಬ ಇನ್‌ಸ್ಪೆಕ್ಟರಿಗೆ ಒಂದೊಂದು ನಂಬರು. ನೀವು ಅದನ್ನು ಒತ್ತಿದಾಗ, ನೋಡದೇ ಇರುವ ಮನುಷ್ಯನೊಬ್ಬ ಇನ್ನೂರು ಸಲ ನೋಡಿದ್ದೇನೆ ಎಂದು ಹೇಳಿದಂತಾಯಿತು.

ನಲವತ್ತೇಳು ಯಾರ ನಂಬರೆಂದು ವಿಚಾರಿಸುತ್ತೇನೆ. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ.

ಗುರುಪ್ರಕಾಶ್


ಶಿಕಾರಿಪುರ
9-7-2024

ಗುರು,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು. ಮೂರನೇ ಸಲ ಎದ್ದು ಹೋಗಿ ಪಂಚನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಮುದ್ರೆ ಅಂದರೆ ಒಬ್ಬನ ಮಾತು ಅಂತ ನನಗೆ ಗೊತ್ತಿರಲಿಲ್ಲ. ಸ್ಯಾಂಪಲ್ಲಿನಲ್ಲಿ ಏನಿದೆಯೋ ಅದನ್ನು ಬಿಡದೆ ಮಾಡುವುದೇ ನಿಯತ್ತು ಅಂತ ತಿಳಿದಿದ್ದೆ. ಗೀಚಿದ ಗಾಯವಿದ್ದರೆ ಗಾಯವನ್ನೂ ಮಾಡುತ್ತಿದ್ದೆ.

ಮೊನ್ನೆ ಪ್ರದೀಪ ಬಂದ. ಇನ್ನು ಮಾಡುವುದಿಲ್ಲ, ಕೊಟ್ಟ ಇನ್ನೂರನ್ನೂ ವಾಪಸ್ ತಾ ಅಂದೆ. ನಕ್ಕ.

"ನಿಮ್ಮ ಭಾವಮೈದಂಗೆ ಹೇಳೀರೇನ್ರೀ?"

"ಹೇಳೀನಿ. ನೋಡ್ಕೊಳ್ತಾನೆ ಅವನು."

"ಅವರು ಏನೂ ಮಾಡಂಗಿಲ್ಲ ಬಿಡ್ರಿ. ನನ್ನ ಕಾರಾಗೆ ಕುಂತು ಶಿಕಾರಿಪುರಕ್ಕೆ ಬಂದಿದ್ದು ನೆನಪೈತೇನು ಅಂತ ಕೇಳ್ರಿ."

ತುಟಿ ತಪ್ಪಿ ಓದಿದೆನೇನೋ ಅಂತ ಇನ್ನೊಂದು ಸಲ ಹೇಳಿಸಿದೆ. ಅದೇ ಮಾತು. ನೀನು ಯಾವಾಗ ಅವನ ಕಾರಿನಲ್ಲಿ ಬಂದೆ? ಅವನು ನಿನಗೆ ಗೊತ್ತಾ? ಬರಿ.

ಹುಚ್ಚರಾಯಪ್ಪ


ಶಿಕಾರಿಪುರ
26-8-2024

ಗುರು,

ಏಳು ವಾರ ಆಯಿತು. ಪೋಸ್ಟಿನವನು ನನ್ನ ಶೆಡ್ಡು ದಾಟುವಾಗ ಈಗ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಅಂತ.

ಪಕ್ಕದ ಸೈಕಲ್ ಶಾಪಿನ ನಾಗೇಶ್ ಇವತ್ತು ಪೇಪರ್ ತಂದು ತೋರಿಸಿದ. ಕಲಿಯುವ ಹುಡುಗಿಯೊಬ್ಬಳ ವಿಮಾನ ಹೊಲಕ್ಕೆ ಇಳಿದಿದೆ. ಅವಳ ಕಾಲು ಮುರಿದಿದೆ, ಕಲಿಸುವವನಿಗೆ ತಲೆಗೆ ಪೆಟ್ಟು. ಕಾರಣ ಗೊತ್ತಿಲ್ಲವಂತೆ. ಎರಡು ಸೀಟಿನದು. ಫೋಟೋದಲ್ಲಿ ಬಾಲ ಮೇಲೆದ್ದುಕೊಂಡಿದೆ. ಕನ್ನಡಕ ಹಾಕಿಕೊಂಡು ಆ ಬಾಲದ ಕೀಲನ್ನೇ ನೋಡಿದೆ. ಪೇಪರಿನಲ್ಲಿ ಏನು ಕಾಣುತ್ತದೆ? ಬರೀ ಚುಕ್ಕಿ.

ಅದು ನನ್ನ ಪಿನ್ನಾ? ಅಲ್ಲ ಅಂತ ಬರೆಯುವುದಾದರೆ ಸರಿಯಾಗಿ ಬರಿ. ಕಣ್ಣಾರೆ ನೋಡಿ ಹೇಳುತ್ತಿದ್ದೀಯೋ, ಸುಮ್ಮನೆ ಸಹಿ ಹಾಕುತ್ತಿದ್ದೀಯೋ ಅದನ್ನೂ ಬರಿ. ನಿನ್ನ ಅಕ್ಕ ಸಾಯುವ ದಿನ ನಿನಗೆ ಅವಳಿಗಿಂತ ವಿಮಾನ ದೊಡ್ಡದಾಗಿತ್ತು. ಈಗ ಆ ವಿಮಾನವೂ ಬೇಡವಾಯಿತಾ?

ಹುಚ್ಚರಾಯಪ್ಪ


ಸೊರಬ
1-9-2024

ಭಾವ,

ಆ ವಿಮಾನ ಬೇರೆ ಕಂಪನಿಯದು, ಬೇರೆ ಮಾದರಿ. ಅದಕ್ಕೆ ನಿಮ್ಮ ಪಿನ್ನು ಹಿಡಿಸುವುದೇ ಇಲ್ಲ. ಗೊತ್ತಿದ್ದವರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡೇ ಬರೆಯುತ್ತಿದ್ದೇನೆ. ಆದರೂ ಪೇಪರ್ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಏಳು ವಾರದಿಂದ ಉತ್ತರ ಬರೆಯುತ್ತಿದ್ದೇನೆ.

ನಲವತ್ತೇಳು ನನ್ನ ನಂಬರು. ಅಚ್ಚು ನೋಡುವ ಮೊದಲೇ, ನಿಮ್ಮ ಮೊದಲನೇ ಪತ್ರದಲ್ಲೇ ನನಗೆ ತಿಳಿಯಿತು. ವಿಚಾರಿಸುತ್ತೇನೆ ಎಂದು ಬರೆದದ್ದು ಸುಳ್ಳು.

ಸವೆದ ಪಿನ್ನುಗಳನ್ನು ಗುಜರಿಗೆ ಹಾಕುವ ಮೊದಲು ಎರಡು ತುಂಡು ಮಾಡಬೇಕು, ಮತ್ತೆ ಯಾರೂ ಬಳಸದಂತೆ. ತುಂಡಾದದ್ದನ್ನು ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡು ಸಹಿ ಹಾಕಬೇಕು. ಪ್ರದೀಪ ನಮ್ಮ ಶಾಪಿನ ಗುಜರಿ ಕಂಟ್ರಾಕ್ಟರು. 2022ರ ಮಾರ್ಚ್ ನಾಲ್ಕರ ಸಂಜೆ ಅವನ ಪೆಟ್ಟಿಗೆಯ ಮುಂದೆ ನಾನು ನಿಂತಿದ್ದಾಗಲೇ ನಾಗೇಶನ ಫೋನ್ ಬಂತು: ಅಕ್ಕನಿಗೆ ಸೀರಿಯಸ್, ಬೇಗ ಹೊರಡಿ ಅಂತ. ಪೆಟ್ಟಿಗೆ ತೆರೆದು ನೋಡಲು ಅರ್ಧ ಗಂಟೆ ಬೇಕಿತ್ತು. ಪ್ರದೀಪ, "ಸಾರ್, ಸಹಿ ಹಾಕಿ, ನನ್ನ ಕಾರಲ್ಲೇ ಬಿಟ್ಟು ಬರ್ತೀನಿ" ಅಂದ. ಹಾಕಿದೆ. ನಾನು ಬರುವಷ್ಟರಲ್ಲಿ ಅಕ್ಕ ಇರಲಿಲ್ಲ.

ಅವನು ಮಾರನೇ ದಿನ ಮಣ್ಣಿಗೂ ನಿಂತಿದ್ದ. ನಿಮ್ಮ ಶೆಡ್ಡಿನ ಪಕ್ಕ ಕೂತಿದ್ದಾಗ, ಏನೋ ಮಾತಾಡಬೇಕಲ್ಲ, ನಾನೇ ಹೇಳಿದೆ: ನಮ್ಮ ಭಾವನಿಗೆ ಸ್ಯಾಂಪಲ್ ಕೊಟ್ಟರೆ ಸಾಕು, ಇದ್ದ ಹಾಗೇ ಮಾಡುತ್ತಾರೆ ಅಂತ. ತುಂಡಾಗದೆ ಹೊರಗೆ ಹೋದ ಆ ಪಿನ್ನುಗಳಲ್ಲೇ ಒಂದು ನಿಮ್ಮ ಕೈಗೆ ಸ್ಯಾಂಪಲ್ಲಾಗಿ ಬಂದಿರಬೇಕು.

ವರ್ಷದ ಕಾರ್ಯದಲ್ಲಿ ನೀವು ಎಲ್ಲರೆದುರು "ನಿನಗೆ ಅಕ್ಕನಿಗಿಂತ ವಿಮಾನ ದೊಡ್ಡದು" ಎಂದಾಗ ನಾನು ಎದ್ದು ಬಂದೆ. ಅಲ್ಲ ಎಂದು ಹೇಳಬೇಕಿದ್ದರೆ ಇದನ್ನೆಲ್ಲ ಹೇಳಬೇಕಾಗಿತ್ತು.

ಗುರುಪ್ರಕಾಶ್


ಶಿಕಾರಿಪುರ
8-10-2024

ಗುರು,

ಉತ್ತರ ಬರೆಯಲು ಐದು ಸಲ ಕೂತೆ, ಐದು ಸಲ ಹರಿದೆ. ನಿನ್ನ ಮೇಲಿನ ಸಿಟ್ಟಿಗಲ್ಲ. ಬರೆದರೆ ಮುಂದಿನದನ್ನೂ ಮಾಡಬೇಕಲ್ಲ ಅಂತ. ಪೊಲೀಸರಿಗೆ ಹೇಳಿದರೆ ನಿನ್ನ ಪೆನ್ಶನ್ನಿಗೆ ಕುತ್ತು, ನನ್ನ ಶೆಡ್ಡಿಗೆ ಬೀಗ. ಸತ್ಯ ಹೇಳುತ್ತೇನೆ, ಐದು ವಾರ ನಾನು ಯೋಚಿಸಿದ್ದು ನಿನ್ನ ಪೆನ್ಶನ್ ಅಲ್ಲ, ನನ್ನ ಬೀಗ. ಈ ಮೆಷಿನ್ ತಿರುಗುವುದು ನಿಂತರೆ ಬೆಳಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ?

ಈಗ ಸಾಕು. ಬರುವ ಸೋಮವಾರ, ಹದಿನಾಲ್ಕನೇ ತಾರೀಕು, ಸೊರಬದಿಂದ ಬರುವ ಮೊದಲನೇ ಬಸ್ಸಿಗೆ ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಬಂದರೆ ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಹೇಳೋಣ. ಬರದಿದ್ದರೆ ಒಬ್ಬನೇ ಹೋಗುತ್ತೇನೆ. ನಲವತ್ತೇಳು ಯಾರದು ಅಂತ ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ. ಹೇಳದಿದ್ದರೆ ಆ ಪಿನ್ನು ಹುಡುಕುವುದು ತಡವಾಗುತ್ತದೆ. ಬೈದುಕೋ.

ಹುಚ್ಚರಾಯಪ್ಪ


ಸೊರಬ
9-10-2024

ಪೂಜ್ಯ ಭಾವನವರಿಗೆ ಶರಣು.

ನನ್ನ ಪತ್ರಕ್ಕೆ ನೀವು ಉತ್ತರಿಸಲಿಲ್ಲ. ಇನ್ನು ಉತ್ತರಿಸುವುದೂ ಇಲ್ಲ ಎಂದುಕೊಂಡಿದ್ದೇನೆ. ನಿಮ್ಮ ತಪ್ಪಲ್ಲ.

ಮೊನ್ನೆ ಸೋಮವಾರ ಬೆಂಗಳೂರಿಗೆ ಹೋಗಿ ವಿಮಾನ ಸುರಕ್ಷತೆಯ ಕಚೇರಿಯಲ್ಲಿ ಎಲ್ಲವನ್ನೂ ಹೇಳಿ ಬರೆದುಕೊಟ್ಟೆ. ಪಿನ್ನು ಎಲ್ಲಿ ತಯಾರಾಯಿತು ಎಂದು ಕೇಳಿದರು. ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಹೆಸರು, ಶೆಡ್ಡಿನ ವಿಳಾಸ ಕೊಟ್ಟೆ. ಮುದ್ರೆಯ ಅರ್ಥ ನಿಮಗೆ ಗೊತ್ತಿರಲಿಲ್ಲವೆಂದು ನಾಲ್ಕು ಸಲ ಹೇಳಿದೆ. ಅವರು ಒಂದು ಸಲ ಬರೆದುಕೊಂಡರು.

ಮುಂದಿನ ವಾರ ಅವರು ನಿಮ್ಮಲ್ಲಿಗೆ ಬರಬಹುದು. ಜಗಳವಾಡಬೇಡಿ. ಕಿವಿ ಕೇಳುವುದಿಲ್ಲವೆಂದು ಮೊದಲೇ ಹೇಳಿ.

ಅಕ್ಕನ ಮನೆಯಿಂದ ನನಗೆ ಉಳಿದದ್ದು ನೀವೊಬ್ಬರು. ಆ ಹೆಸರನ್ನೇ ಬರೆದುಕೊಟ್ಟು ಬಂದೆ.

ಗುರುಪ್ರಕಾಶ್


ಶಿಕಾರಿಪುರ
2-12-2024

ಗುರು,

ನಿನ್ನ ಒಂಬತ್ತನೇ ತಾರೀಕಿನ ಕಾಗದ ನನಗೆ ಸಿಕ್ಕಿದ್ದು ಹದಿನೈದಕ್ಕೆ. ಹಬ್ಬದ ರಜೆಯಲ್ಲಿ ಎಲ್ಲೋ ಬಿದ್ದಿತ್ತು. ನನ್ನದೂ ನಿನಗೆ ಹಾಗೇ ತಡವಾಗಿರಬೇಕು.

ಹದಿನಾಲ್ಕಕ್ಕೆ ನಾನು ಸ್ಟ್ಯಾಂಡಿನಲ್ಲಿ ನಿಂತೆ. ಮೊದಲನೇ ಬಸ್ಸು ಬಂತು, ಎರಡನೆಯದು ಬಂತು, ಮೂರನೆಯದೂ ಬಂತು. ಇಳಿದವರ ಮುಖ ಒಂದೊಂದೇ ನೋಡಿದೆ. ಬಾಯಿಗೆ ಬಂದ ಹಾಗೆ ಬೈದೆ. ಎಷ್ಟು ಜೋರಾಗಿ ಬೈದೆನೋ ನನಗೆ ಗೊತ್ತಿಲ್ಲ, ಜನ ತಿರುಗಿ ನೋಡಿದರು. ಆಮೇಲೆ ಗೂಡಿನ ಪಿನ್ನು, ಪಂಚು ಜೇಬಿಗೆ ಹಾಕಿಕೊಂಡು ಒಬ್ಬನೇ ಶಿವಮೊಗ್ಗದ ಪೊಲೀಸರ ಹತ್ತಿರ ಹೋದೆ. ಎಲ್ಲ ಹೇಳಿದೆ. ನಿನ್ನ ಹೆಸರೂ ಹೇಳಿದೆ. ಬೆಂಗಳೂರಿನಿಂದ ಬಂದ ಆಫೀಸರಮ್ಮ ಅಲ್ಲೇ ಕೂತಿದ್ದರು, ನನ್ನ ಶೆಡ್ಡಿಗೇ ಹೊರಟಿದ್ದರಂತೆ. ಒಂದು ಚೀಟಿಯ ಮೇಲೆ ಬರೆದು ನನ್ನ ಮುಂದೆ ತಳ್ಳಿದರು: "ಅವರು ಹೋದ ಸೋಮವಾರವೇ ಬಂದು ಹೇಳಿದ್ದಾರೆ." ಸ್ಟ್ಯಾಂಡಿನಲ್ಲಿ ಬೈದದ್ದನ್ನೆಲ್ಲ ವಾಪಸ್ ನುಂಗಿಕೊಂಡೆ.

ಪ್ರದೀಪನನ್ನು ಹಿಡಿದಿದ್ದಾರೆ. ನನ್ನ ಶೆಡ್ಡಿಗೆ ಬೀಗ ಹಾಕಿ ಅರಗು ಒತ್ತಿದ್ದಾರೆ. ಇಷ್ಟು ದಿನ ಬರೆಯದಿದ್ದದ್ದು ಲ್ಯಾಬಿನ ರಿಪೋರ್ಟ್ ಬರಲಿ ಅಂತ. ಹೋದ ವಾರ ಬಂತು.

ಹನ್ನೊಂದು ಪಿನ್ನು ವಿಮಾನಗಳ ಒಳಗೇ ಕೂತಿದ್ದವು. ತೆಗೆಸಿ ನೋಡಿದರೆ ಎರಡರಲ್ಲಿ ಕೂದಲಿನಷ್ಟು ಬಿರುಕು. ಅಳತೆ ಸರಿಯಿದೆಯಂತೆ, ಉಕ್ಕು ತಪ್ಪು. ಬಿರುಕು ಶುರುವಾದದ್ದು ತಲೆಯ ಕೆಳಗಿನ ತಿರುವಿನಲ್ಲಿ. ಅಸಲಿಯಲ್ಲಿ ಆ ತಿರುವು ಕನ್ನಡಿಯಂತಿರುತ್ತದೆ. ನನ್ನದರಲ್ಲಿ ಟೂಲಿನ ಒಂದು ಸಣ್ಣ ಗೆರೆ ಉಳಿಯುತ್ತಿತ್ತು. ಫರಕೇ ಇಲ್ಲ ಅಂತ ನಿನಗೆ ಬರೆದಿದ್ದೆನಲ್ಲ, ಸುಳ್ಳು. ಗೆರೆ ಇದ್ದದ್ದು ನನಗೆ ಗೊತ್ತಿತ್ತು. ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಬಿಟ್ಟೆ. ಇಷ್ಟು ವರ್ಷ ಕೈ ಕೈ ಅಂತ ಕುಣಿದವನು ನಾನು.

ಇನ್ನೊಂದು ಮಾತು ಇದೆ. ಅದನ್ನೂ ಇವತ್ತೇ ಬರೆದುಬಿಡುತ್ತೇನೆ. ಆ ದಿನ ನಿನ್ನ ಅಕ್ಕ ಮಹಾದೇವಮ್ಮನನ್ನು ಬೆಳಗ್ಗೆ ಎಂಟಕ್ಕೇ ಆಸ್ಪತ್ರೆಗೆ ಸೇರಿಸಿದ್ದೆ. ಗುರುಗೆ ಹೇಳಿಸ್ತೀನಿ ಅಂದೆ. "ಬ್ಯಾಡ್ರೀ, ಅವನು ಕೆಲಸದಾಗಿರ್ತಾನೆ, ಜನ ಕೂರೋ ವಿಮಾನ ಅದು. ಗಾಬರಿ ಮಾಡಬ್ಯಾಡ್ರಿ, ಸಂಜೀಗೆ ಹೇಳಿದ್ರಾತು" ಅಂದಳು. ಸಂಜೆಯ ತನಕ ಸುಮ್ಮನಿದ್ದೆ. ನಾಗೇಶನ ಕೈಯಲ್ಲಿ ಫೋನ್ ಮಾಡಿಸಿದ್ದು ಅವಳ ಮಾತು ನಿಂತ ಮೇಲೆ. ಬೆಳಗ್ಗೆಯೇ ಹೇಳಿದ್ದರೆ ನೀನು ರಜೆ ಹಾಕಿ ಬರುತ್ತಿದ್ದೆ. ಅವಳು ನಿನ್ನನ್ನು ನೋಡುತ್ತಿದ್ದಳು. ಆ ಪೆಟ್ಟಿಗೆ ಬೇರೆ ಯಾರದೋ ಮುಂದೆ ಬರುತ್ತಿತ್ತು, ಅವನು ತೆರೆದು ನೋಡುತ್ತಿದ್ದ. ತಡ ಮಾಡಿದ್ದು ನಾನು. ಎಲ್ಲರ ಮುಂದೆ ನಿನ್ನ ತಲೆಗೆ ಕಟ್ಟಿದ್ದೂ ನಾನೇ.

ಕ್ಷಮಿಸು ಅಂತ ಬರೆಯಲು ನನಗೆ ಬರುವುದಿಲ್ಲ. ಕೆಲಸ ಹೇಳುತ್ತೇನೆ.

ಇನ್ನೂರರಲ್ಲಿ ಮೂವತ್ತೆಂಟು ಇನ್ನೂ ಲೆಕ್ಕಕ್ಕೆ ಸಿಕ್ಕಿಲ್ಲ. ಪ್ರದೀಪನ ಗೋಡೌನಿನಿಂದ ಮೂರು ಚೀಲ ಪಿನ್ನು ತಂದು ಶಿವಮೊಗ್ಗದಲ್ಲಿ ಸುರಿದಿದ್ದಾರೆ. ಅಸಲಿ, ಗುಜರಿ, ನನ್ನದು, ಇನ್ನೂ ಯಾರ್ಯಾರದೋ, ಎಲ್ಲ ಕಲಸಿಹೋಗಿದೆ. ಲ್ಯಾಬಿಗೆ ಕಳಿಸಿದರೆ ತಿಂಗಳುಗಟ್ಟಲೆ ಆಗುತ್ತದಂತೆ. ನಾನು ತಲೆಯ ಕೆಳಗೆ ಉಗುರು ಆಡಿಸಿದರೆ ಸಾಕು, ನನ್ನ ಗೆರೆ ತಗಲುತ್ತದೆ. ನಾನು ಆರಿಸಿ ತೆಗೆದದ್ದನ್ನು ಮಾತ್ರ ಲ್ಯಾಬಿಗೆ ಕಳಿಸುತ್ತೇವೆ ಅಂತ ಆಫೀಸರಮ್ಮ ಒಪ್ಪಿದ್ದಾರೆ. ಅವರು ಕರೆದ ದಿನ ಬೆಳಗ್ಗೆ ಬಸ್ಸು ಹತ್ತಿ ಹೋಗುತ್ತೇನೆ. ಒಂದು ಪೊಲೀಸು, ಒಂದು ಟೇಬಲ್ಲು, ನಾನು. ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸಿದರೂ ನನಗೆ ತಿಳಿಯುವುದಿಲ್ಲ.

ನಾಲ್ಕು ದಿನದಲ್ಲಿ ಒಂದು ಚೀಲ ಮುಗಿಯಿತು. ಒಂಬತ್ತು ಸಿಕ್ಕವು. ಆದರೆ ತಲೆಯ ಮೇಲಿನ ಸಣ್ಣ ನಂಬರು ನನ್ನ ಕಣ್ಣಿಗೆ ಹಿಡಿಯುವುದಿಲ್ಲ. ನಾನು ಬೆರಳಾಡಿಸುತ್ತೇನೆ, ಯಾರಾದರೂ ನಂಬರು ಓದಿ ಬರೆದುಕೊಳ್ಳಬೇಕು. ಆ ಪಿನ್ನುಗಳ ನಂಬರು ತಿಳಿದವನೇ ಬೇಕು. ನಿನ್ನ ಬಗ್ಗೆ ಕೇಳಿದೆ. ಒಂದು ಅರ್ಜಿ ಬರೆದುಕೊಟ್ಟರೆ ಕೂರಬಹುದು ಅಂದರು.

ಗುರುವಾರ ಮತ್ತೆ ಹೋಗುತ್ತೇನೆ. ಇನ್ನೂ ಎರಡು ಚೀಲ ಉಳಿದಿವೆ.

ನಿನ್ನ ಭಾವ
ಹುಚ್ಚರಾಯಪ್ಪ